ಮೂರು ನಂಬರಿನ ಲೆಕ್ಕ: ಮತ್ತೆಯೊತ್ತಿ ಅವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಾಕೊಮೊ ಮತ್ತೆಯೊತ್ತಿ ಅವರಿಗೆ,
ಇಟಲಿಯ ಸಮಾಜವಾದಿ ಸಂಸತ್ ಸದಸ್ಯರು, ರೋಮ್.

ನಮಸ್ಕಾರ. ನೀವು ಹೋಗಿ ನೂರು ವರ್ಷ ದಾಟಿದೆ. ಈ ಕಾಗದ ತಲುಪುವುದಿಲ್ಲ ಅಂತ ಗೊತ್ತಿದ್ದೇ ಬರೆಯುತ್ತಿದ್ದೇನೆ. ನಾನು ಮೇಷ್ಟ್ರು, ನಾಲ್ಕೈದು ಸಲ ಮತಗಟ್ಟೆ ಡ್ಯೂಟಿ ಮಾಡಿದವನು. ಅದಕ್ಕೇ ಇರಬೇಕು, ಆಗಷ್ಟೇ ಮುಗಿದಿದ್ದ ಚುನಾವಣೆಯ ಅಕ್ರಮಗಳ ಬಗ್ಗೆ 1924ರ ಮೇ 30ರಂದು ನೀವು ಸದನದಲ್ಲಿ ಮಾಡಿದ ಭಾಷಣದ ಒಂದು ವಿಷಯ ತಲೆಯಿಂದ ಹೋಗುತ್ತಲೇ ಇಲ್ಲ.

ಅದು ಮೂರರ ಲೆಕ್ಕ. ಮತದಾರ ಚೀಟಿಯಲ್ಲಿ ತನಗೆ ಬೇಕಾದ ಮೂವರು ಅಭ್ಯರ್ಥಿಗಳನ್ನು ಸೂಚಿಸಬಹುದಿತ್ತು. ಆಗ ಪ್ರಧಾನಿಯಾಗಿದ್ದ ಮುಸೊಲಿನಿಯ ಪಕ್ಷದವರು, ಅಂದರೆ ಫ್ಯಾಸಿಸ್ಟರು, ಒಬ್ಬೊಬ್ಬ ಮತದಾರನಿಗೆ ಒಂದೊಂದು ಥರ ಅಭ್ಯರ್ಥಿಗಳ ಮೂರು ನಂಬರ್ ಹೇಳಿ ಕಳಿಸುತ್ತಿದ್ದರು. ಎಣಿಸುವಾಗ ಆ ಮೂರು ನಂಬರ್ ಸಿಗದಿದ್ದರೆ ಯಾರು ಕೈಕೊಟ್ಟರು ಅಂತ ಗೊತ್ತಾಗಿಬಿಡುತ್ತಿತ್ತು. ಮತ ಹಾಕುವ ಜಾಗದ ರಟ್ಟಿನ ಮರೆಯನ್ನು ಕಿಟಕಿಯಿಂದ ದೂರ ಇಡಲು ನಾವಿಲ್ಲಿ ಎಷ್ಟು ಒದ್ದಾಡುತ್ತೇವೆ! ನಿಮ್ಮ ಜನಕ್ಕೆ ಮರೆಯ ಹಿಂದೆ ಹೋದರೂ ಮರೆ ಇರಲಿಲ್ಲ.

ಕಾಲು ಭಾಗ ಮತ ಬಂದರೆ ಸಾಕು, ಮೊದಲು ಬಂದ ಪಟ್ಟಿಗೆ ಮೂರನೇ ಎರಡು ಭಾಗ ಸೀಟು ಅಂತ 1923ರಲ್ಲೇ ಕಾನೂನು ಮಾಡಿಕೊಂಡಿದ್ದರು. ಅಷ್ಟಿದ್ದೂ ಹೊಡೆದು ಬಡಿದು ಮತ ಹಾಕಿಸಿದರು. ಈ ಚುನಾವಣೆ ಸಿಂಧುವಲ್ಲ ಅಂತ ನೀವು ಒಂದೊಂದೇ ಸಂಗತಿ ಬಿಡಿಸಿಟ್ಟಿರಿ. ಸಾಲುಸಾಲಿಗೂ ಕೂಗಾಟ. ಮುಗಿಸಿ ಕೂತಮೇಲೆ, "ನನ್ನ ಮಾತು ಆಯಿತು, ಇನ್ನು ನನ್ನ ಅಂತ್ಯಕ್ರಿಯೆಯ ಭಾಷಣ ನೀವು ತಯಾರು ಮಾಡಿಕೊಳ್ಳಿ" ಅಂದಿರಂತೆ. ಜೂನ್ 10ರಂದು ರೋಮಿನ ಟೈಬರ್ ನದಿ ಪಕ್ಕದ ರಸ್ತೆಯಿಂದ ಫ್ಯಾಸಿಸ್ಟರು ನಿಮ್ಮನ್ನು ಕಾರಿನಲ್ಲಿ ಎಳೆದೊಯ್ದು ಕೊಂದರು. ನಿಮ್ಮ ದೇಹ ಸಿಕ್ಕಿದ್ದು ಆಗಸ್ಟ್ 16ಕ್ಕೆ, ರೋಮ್ ಹೊರಗಿನ ಕಾಡಿನಲ್ಲಿ.

ನಿಮ್ಮ ಜೊತೆಯ ವಿರೋಧ ಪಕ್ಷದವರ ಮೇಲೆ ನನಗೊಂದು ತಕರಾರಿದೆ. ನಿಮಗಾದದ್ದನ್ನು ಪ್ರತಿಭಟಿಸಿ ಅವರು ಸದನ ಬಿಟ್ಟು ಹೊರಗೆ ಕೂತರು. ರಾಜ ಏನಾದರೂ ಮಾಡುತ್ತಾನೆ ಅಂತ ಕಾದರು. ರಾಜ ಅಲ್ಲಾಡಲಿಲ್ಲ. 1925ರ ಜನವರಿ 3ರಂದು ಮುಸೊಲಿನಿ ಅದೇ ಸದನದಲ್ಲಿ ನಿಂತು, ಆದದ್ದಕ್ಕೆಲ್ಲ ನಾನೇ ಹೊಣೆ ಅಂದ. ಕೂಗಬೇಕಾದವರಲ್ಲಿ ಬಹಳಷ್ಟು ಜನ ಒಳಗೇ ಇರಲಿಲ್ಲ. ಮುಂದಿನ ವರ್ಷ ನವೆಂಬರಿನಲ್ಲಿ ಅವರ ಸದಸ್ಯತ್ವವನ್ನೇ ಕಿತ್ತುಹಾಕಿದರು. ಸಿಟ್ಟು, ಸಂಕಟದಲ್ಲಿ ಎದ್ದು ಹೋದವರನ್ನು ಬೈಯಲು ಮನಸ್ಸು ಬರುವುದಿಲ್ಲ. ಆದರೂ ತಪ್ಪು ಮಾಡಿದರು ಅನ್ನಿಸುತ್ತದೆ. ಅಷ್ಟು ಕೂಗಾಟದಲ್ಲೂ ನೀವು ಸುಮ್ನೆ ಎದ್ದು ಹೋಗಲಿಲ್ಲ, ಅಲ್ವಾ?

ನಿಮಗೆ ಗೊತ್ತಿರಲು ಸಾಧ್ಯವಿಲ್ಲದ್ದು ಒಂದಿದೆ, ಹೇಳಿಬಿಡುತ್ತೇನೆ. ನಿಮ್ಮ ಹೆಂಡತಿ ವೇಲಿಯಾ ಅವರು ಗೃಹಮಂತ್ರಿಗೆ ಕಾಗದ ಬರೆದರು. ನಿಮ್ಮನ್ನು ಊರಿಗೆ ಒಯ್ಯುವ ರೈಲಿಗೆ ಕರಿಯಂಗಿಯವರ, ಅಂದರೆ ಫ್ಯಾಸಿಸ್ಟ್ ಪಡೆಯವರ, ಕಾವಲು ಬೇಡ, ತಮಗೆ ವಿಶೇಷ ಬೋಗಿಯೂ ಬೇಡ, ಎಲ್ಲರ ಹಾಗೇ ಬರುತ್ತೇನೆ ಅಂತ.

ಇಂತಿ,
ಕರ್ನಾಟಕದ ಒಬ್ಬ ಮತದಾರ