ಮಗಳಿಗೊಂದು ಪತ್ರ: ಅರ್ಧ ಹಿಡಿ, 120 ಬಿಡು

ಮಗಳೇ,

ನಾಳೆ ಬೆಳಗಿನ ಬಸ್ಸಿಗೆ ನೀನು ಹೊರಟುಬಿಡುತ್ತೀ. ಊಟದ ಹೊತ್ತಿನ ಜಗಳ ಮತ್ತೆ ಕೆದಕುವುದಿಲ್ಲ. "ಉಪಗ್ರಹ ಎತ್ತ ಮುಖ ಮಾಡಿದೆ ಎಂದು ತಿಳಿಯಲು ದಿಗಂತ ಹುಡುಕಬೇಕು, ಅದಕ್ಕೆ ಇನ್‌ಫ್ರಾರೆಡ್ ಸೆನ್ಸರ್ ಸಾಕು" ಎಂದು ಹಟ ಹಿಡಿದದ್ದು ನನ್ನ ತಪ್ಪೇ. ಗಾಳಿಯ ಮೈಕ್ರೋವೇವ್ ಹೊಳಪನ್ನು ಕೆಲ್ವಿನ್‌ನಲ್ಲಿ ಅಳೆಯುವ ರೇಡಿಯೋಮೀಟರ್ ಹೇಗೂ ಉಪಗ್ರಹದಲ್ಲಿ ಹೋಗುತ್ತಿದೆ, ಅದರಿಂದಲೇ ಭೂಮಿಯ ಅಂಚು ಹಿಡಿಯೋಣ ಎಂಬುದು ನನಗೆ ಹೊಳೆಯಲಿಲ್ಲ, ನಿನಗೆ ಹೊಳೆಯಿತು.

ಕಕ್ಕಡ ತಿಂಗಳ ಮಂಜಿಗೆ ಎದುರಿನ ಗುಡ್ಡ ಮೂರು ದಿನದಿಂದ ಕಂಡಿಲ್ಲ. ಆಮ್ಲಜನಕ ಬಲವಾಗಿ ಹೀರುವ 118.75 ಗಿಗಾಹರ್ಟ್ಸ್ ಗೆರೆಯ ನಡುವಿನಲ್ಲಿ ಮೇಲಿಂದ ನೋಡಿದರೆ ಈ ಮೋಡ ಲೆಕ್ಕಕ್ಕೇ ಇಲ್ಲ, ಅದರ ಮೇಲಿನ ಆಮ್ಲಜನಕವೇ ಪರದೆ. ಅಂಚಿನ ಈಚೆ ಇನ್ನೂರರ ಆಸುಪಾಸು ಕೆಲ್ವಿನ್, ಆಚೆ ಬಾಹ್ಯಾಕಾಶ ಬರೀ 2.7.

ನನ್ನನ್ನು ಕಾಡುವುದು ನಿನ್ನ ಕೋಡ್‌ನ ಆ ಒಂದು ಸಾಲು: 120 ಕೆಲ್ವಿನ್ ದಾಟಿದರೆ ಭೂಮಿ. ಚಳಿಗಾಲದ ಧ್ರುವದ ಕಡೆ ಅಂಚು 190 ಕೆಲ್ವಿನ್, ಇನ್ನೊಂದು ಕಡೆ 250 ಎಂದಿಟ್ಟುಕೋ. ಬಾಹ್ಯಾಕಾಶದಿಂದ ಭೂಮಿಯತ್ತ ಸರಿದಂತೆ ರೀಡಿಂಗ್ ಏರುತ್ತದೆ, ನಿಜವಾದ ಅಂಚು ಇರುವುದು ಆ ಏರಿನ ಅರ್ಧದಲ್ಲಿ. ಆಗ 120 ಎಂಬುದು ಧ್ರುವದ ಕಡೆ ಅರ್ಧಕ್ಕಿಂತ ಮೇಲೆ, ಇನ್ನೊಂದು ಕಡೆ ಅರ್ಧಕ್ಕಿಂತ ಚೂರು ಕೆಳಗೆ. ಹತ್ತು ಸೆಂಟಿಮೀಟರ್ ಆಂಟೆನಾದ ಕಿರಣ, ಅಂದರೆ ಅದು ಒಮ್ಮೆಗೆ ನೋಡುವ ಕೋನ, ಸುಮಾರು 1.8 ಡಿಗ್ರಿ ಅಗಲ, ಹಾಗಾಗಿ ತಣ್ಣನೆ ಕಡೆ ಅಂಚು ಕಾಲು ಡಿಗ್ರಿ ಜಾರುತ್ತದೆ. 500 ಕಿಲೋಮೀಟರ್ ಎತ್ತರದಿಂದ ದಿಗಂತ 2,570 ಕಿಲೋಮೀಟರ್ ದೂರ. ಅಲ್ಲಿ ಕಾಲು ಡಿಗ್ರಿ ಅಂದರೆ 11 ಕಿಲೋಮೀಟರ್! ಎರಡಂಚಿನ ನಡುಬಿಂದು ತೆಗೆದರೆ ಸಮಾನ ತಪ್ಪುಗಳು ವಜಾ ಆಗುತ್ತವೆ ಎಂದೆಯಲ್ಲ, ಇವು ಸಮಾನವಲ್ಲ ಕಣೇ.

ಪ್ರತಿ ಅಂಚಿಗೂ ಅದರದೇ ಅರ್ಧ ಹಿಡಿ. ಮೊದಲು ಅದೇ ಸ್ಕ್ಯಾನಿನ ಬಾಹ್ಯಾಕಾಶದ ರೀಡಿಂಗ್ ಕಳೆ. ಆಮೇಲೆ ಅಂಚಿನಿಂದ ನಾಲ್ಕೈದು ಡಿಗ್ರಿ ಒಳಗಿನ ಬೆಲೆ ತೆಗೆದುಕೊಂಡು ಅರ್ಧ ಮಾಡು. ಇದರಲ್ಲಿ ಇನ್ನೊಂದು ಲಾಭ: 800 ಕೆಲ್ವಿನ್ ಸಿಸ್ಟಮ್ ನಾಯ್ಸ್ (ಗದ್ದಲ) ಇರುವ ರಿಸೀವರಿನ ಗೇನ್ (ಸಂಕೇತ ಹಿಗ್ಗಿಸುವ ಪ್ರಮಾಣ) ಶೇಕಡ 1 ಕದಲಿದರೂ ರೀಡಿಂಗಿನಲ್ಲಿ 8 ಕೆಲ್ವಿನ್ ಸುಳ್ಳು. ಉಪಗ್ರಹ ಭೂಮಿಯ ನೆರಳಿಗೆ ಹೋಗಿ ಬರುವಾಗ ಗೇನ್ ಕದಲದೆ ಇರದು. ಅನುಪಾತ ಹಿಡಿದರೆ ಅದು ಬಹುಮಟ್ಟಿಗೆ ತಾನೇ ಕಳಚಿಕೊಳ್ಳುತ್ತದೆ.

ಸೂರ್ಯ ಆಂಟೆನಾದ ಕಿರಣದೊಳಗೆ ಬಂದರೆ ಭೂಮಿಗಿಂತ ಬಿಸಿ ಕಾಣುತ್ತಾನೆ. ರೀಡಿಂಗಿನಲ್ಲಿ ಎರಡು ಡಿಗ್ರಿ ಅಗಲ ದಾಟದ ಉಬ್ಬು ಬಂದರೆ ಬಿಸಾಡು.

ನೋಡು, ಮತ್ತೆ ಪಾಠಕ್ಕಿಳಿದೆ. ನಾಡಿದ್ದಿನ ರಿವ್ಯೂನಲ್ಲಿ ಬೇರೆಯವರು ಈ ಸಾಲು ಕಂಡುಹಿಡಿಯುವ ಮೊದಲು ನಾನೇ ಹೇಳಿಬಿಡೋಣ ಅಂತ.

ಮದ್ದು ಸೊಪ್ಪಿನ ಪಾಯಸದ ಡಬ್ಬಿ ಚೀಲದ ಮೇಲೇ ಇಟ್ಟಿದ್ದೇನೆ, ಓರೆ ಮಾಡಬೇಡ. ಕೋಡ್ ತಿದ್ದಿದ ಮೇಲೆ ಫೋನ್ ಮಾಡು, ಎಷ್ಟು ಹೊತ್ತಾದರೂ.

ಅಮ್ಮ