ಇಂಗ್ಲಿಷ್ ತರಗತಿಗೆ ಕನ್ನಡವೂ ಬರಲಿ

ಮಾನ್ಯರೇ,

ಪದವಿ ಕಾಲೇಜುಗಳಲ್ಲಿ ಇಂಗ್ಲಿಷ್ ಭಾಷಾ ತರಗತಿಯೆಂದರೆ ಹಾಜರಾತಿಗಾಗಿ ಕೂರುವ ಒಂದು ಗಂಟೆ ಎಂಬ ಭಾವನೆ ವಿದ್ಯಾರ್ಥಿಗಳಲ್ಲಿ ಬೇರೂರಿದೆ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಈಗ ಬಿ.ಎ. ಎರಡನೇ ವರ್ಷದಲ್ಲಿರುವ ನಾನೂ ಮೊದಲ ಎರಡು ಸೆಮಿಸ್ಟರ್‌ಗಳನ್ನು ಹಾಗೆಯೇ ಕಳೆದವಳು. ಉಪನ್ಯಾಸಕರು ಪದ್ಯದ ಸಾರಾಂಶ ಹೇಳುತ್ತಿದ್ದರು, ನಾವು ಬರೆದುಕೊಳ್ಳುತ್ತಿದ್ದೆವು. ಅದೇ ಸಾರಾಂಶ ಅಂಗಡಿಯ ಗೈಡ್‌ನಲ್ಲಿ ಇನ್ನೂ ಅಚ್ಚುಕಟ್ಟಾಗಿ ಸಿಗುತ್ತಿತ್ತೆಂಬುದು ಬೇರೆ ಮಾತು. ಪದ್ಯವನ್ನು ಮಾತ್ರ ಯಾರೂ ಒಮ್ಮೆಯೂ ಗಟ್ಟಿಯಾಗಿ ಓದಲಿಲ್ಲ.

ಈ ವರ್ಷ ಬಂದ ಅತಿಥಿ ಉಪನ್ಯಾಸಕಿಯೊಬ್ಬರು ಒಂದು ದಿನ ಪಠ್ಯದಲ್ಲಿಲ್ಲದ ಕವಿತೆಯೊಂದನ್ನು ತಂದರು. ಮೊದಲು ಅದು ಹುಟ್ಟಿದ ಸಂದರ್ಭ ಹೇಳಿದರು: 1833ರಲ್ಲಿ, ಸಿಸಿಲಿಯಲ್ಲಿ ಜ್ವರದಿಂದ ನರಳಿ ಚೇತರಿಸಿಕೊಂಡ 32 ವರ್ಷದ ಪಾದ್ರಿ ಜಾನ್ ಹೆನ್ರಿ ನ್ಯೂಮನ್, ಊರಿಗೆ ಮರಳಲು ಕಿತ್ತಳೆ ಹಣ್ಣು ಸಾಗಿಸುವ ಹಡಗು ಹತ್ತಿದ್ದರು; ಕಾರ್ಸಿಕಾ ಮತ್ತು ಸಾರ್ಡೀನಿಯ ದ್ವೀಪಗಳ ನಡುವೆ ಗಾಳಿ ಬಿದ್ದುಹೋಗಿ ಹಡಗು ಒಂದು ವಾರ ಕದಲಲಿಲ್ಲ; ಆಗ ಬರೆದ ಸಾಲುಗಳಿವು. ಬಳಿಕ ಅವರು ನಿಧಾನವಾಗಿ ಎರಡು ಸಲ ಓದಿದರು. ಎರಡನೆಯ ಓದು ಮುಗಿಯುವ ಮೊದಲೇ ಹಿಂದಿನ ಬೆಂಚಿನಲ್ಲಿ ಯಾರೋ ‘ಕರುಣಾಳು ಬಾ ಬೆಳಕೆ’ಯನ್ನು ಗುನುಗತೊಡಗಿದರು. ಶಾಲೆಯ ಪ್ರಾರ್ಥನೆಯಲ್ಲಿ ವರ್ಷಗಟ್ಟಲೆ ಹಾಡಿದ ಗೀತೆಯ ಮೂಲ ಇದೆಂದು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿದಿರಲಿಲ್ಲ.

ಮೇಡಂ ಎರಡನ್ನೂ ಅಕ್ಕಪಕ್ಕ ಬರೆಸಿದರು. ಮೂಲದಲ್ಲಿ ಇರುಳು ಬರೀ ಕತ್ತಲು, ಅದನ್ನು ಕನ್ನಡಕ್ಕೆ ತಂದ ಕವಿ ಬಿ.ಎಂ.ಶ್ರೀ. ಅವರಲ್ಲಿ ಅದು ಕತ್ತಲೆಯ ಗವಿ. ಮೂಲದಲ್ಲಿ ‘ನಡೆಸು’ ಎಂಬ ಮೊರೆಯಷ್ಟೇ ಇದೆ. ಕನ್ನಡದಲ್ಲಿ ಕೈ ಹಿಡಿದು ನಡೆಸಬೇಕು. ಈ ಗವಿ, ಈ ಕೈ ಎಲ್ಲಿಂದ ಬಂದವು ಎಂದು ಅವರು ಕೇಳಿದ್ದೇ ತಡ, ವರ್ಷವಿಡೀ ಬಾಯಿ ತೆರೆಯದವರೂ ಹರಕುಮುರುಕು ಇಂಗ್ಲಿಷಿನಲ್ಲಿ ವಾದಕ್ಕಿಳಿದರು. ಮುಂದೆ ಮುಂದೆ ನಡೆದು ದಾರಿ ತೋರಿಸುವವನನ್ನು ಹಿಂಬಾಲಿಸಲು ಅವನು ಕಾಣಿಸಬೇಕು, ಗವಿಯೊಳಗೆ ಕಾಣಿಸುವುದು ಹೇಗೆ, ಅದಕ್ಕೇ ಕೈ ಬೇಕಾಯಿತು ಎಂದು ಗೆಳತಿಯೊಬ್ಬಳು ಹೇಳಿದ ಮಾತು ನನಗಿನ್ನೂ ನೆನಪಿದೆ. ಅವಳ ವಾಕ್ಯದ ಕ್ರಿಯಾಪದಗಳೆಲ್ಲ ತಪ್ಪಿದ್ದವು. ಮೇಡಂ ಆಗ ತಿದ್ದಲಿಲ್ಲ; ಮರುದಿನ ಅಂಥ ಹತ್ತು ವಾಕ್ಯಗಳನ್ನು ಹೆಸರಿಲ್ಲದೆ ಬೋರ್ಡಿನ ಮೇಲೆ ಬರೆದು, ನಮ್ಮಿಂದಲೇ ತಿದ್ದಿಸಿದರು. ನಾನು ಆಸಕ್ತಿಯಿಂದ ಕಲಿತ ಮೊದಲ ವ್ಯಾಕರಣ ಪಾಠ ಅದು.

ಇಂಗ್ಲಿಷ್ ತರಗತಿಗೆ ಕನ್ನಡ ಬಂದರೆ ಇಂಗ್ಲಿಷ್ ಕೆಡುತ್ತದೆ ಎನ್ನುವವರಿದ್ದಾರೆ. ಸಾಲುಸಾಲಿಗೂ ಕನ್ನಡದಲ್ಲಿ ಅರ್ಥ ಹೇಳಿ ಮುಗಿಸುವುದಾದರೆ ಆ ಆಕ್ಷೇಪ ಸರಿಯೇ. ಆದರೆ 1926ರಲ್ಲಿ ‘ಇಂಗ್ಲಿಷ್ ಗೀತಗಳು’ ಎಂಬ ಅನುವಾದಿತ ಕವಿತೆಗಳ ಸಂಕಲನ ಕೊಟ್ಟ ಬಿ.ಎಂ.ಶ್ರೀಯವರು ಸ್ವತಃ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದವರು. ಎರಡು ಭಾಷೆಗಳನ್ನು ಎದುರುಬದುರು ಕೂರಿಸಿ ಓದುವುದು ನಮ್ಮ ನಾಡಿನ ಕಾಲೇಜುಗಳಿಗೆ ಹೊಸತೇನಲ್ಲ.

ಪ್ರಶ್ನೆಪತ್ರಿಕೆ ಸಾರಾಂಶವನ್ನೇ ಕೇಳುವವರೆಗೆ ಸಾರಾಂಶ ಬರೆಸುವುದೇ ಪಾಠವಾಗಿರುತ್ತದೆ. ಉಪನ್ಯಾಸಕರನ್ನಷ್ಟೇ ದೂರಿ ಫಲವಿಲ್ಲ. ಆದ್ದರಿಂದ ವಿಶ್ವವಿದ್ಯಾಲಯಗಳ ಅಧ್ಯಯನ ಮಂಡಳಿಗಳು ಪ್ರತಿ ಸೆಮಿಸ್ಟರ್‌ನ ಇಂಗ್ಲಿಷ್ ಪಠ್ಯದಲ್ಲಿ ಒಂದು ಕವಿತೆಯನ್ನಾದರೂ ಅದರ ಕನ್ನಡ ರೂಪದೊಂದಿಗೆ ಅಚ್ಚು ಹಾಕಿಸಿ, ಎರಡನ್ನೂ ಹೋಲಿಸಿ ಇಂಗ್ಲಿಷಿನಲ್ಲೇ ಉತ್ತರಿಸಬೇಕಾದ ಒಂದು ಪ್ರಶ್ನೆಗೆ ಅಂಕ ಮೀಸಲಿಡಬೇಕೆಂದು ಕೋರುತ್ತೇನೆ.

– ಬಿ.ಎ. ವಿದ್ಯಾರ್ಥಿನಿ, ತುಮಕೂರು