ಒಂದು ಗಂಟೆಯ ವಿಮಾನ, ಆರೂವರೆ ಗಂಟೆಯ ಪ್ರಯಾಣ

ದಕ್ಷಿಣ ಕನ್ನಡ ಕ್ಷೇತ್ರದ ಲೋಕಸಭಾ ಸದಸ್ಯರಿಗೆ,

ಮಾನ್ಯರೇ,

ಮಂಗಳೂರು–ಬೆಂಗಳೂರು ರೈಲು ತೀರಾ ನಿಧಾನವೆಂದು ದೂರಿದಾಗಲೆಲ್ಲ, 'ವಿಮಾನ ಇದೆಯಲ್ಲ, ಒಂದು ಗಂಟೆಯ ದಾರಿ' ಎಂಬ ಉತ್ತರ ಕೇಳಿಬರುತ್ತದೆ. ಆ ಒಂದು ಗಂಟೆಯ ಲೆಕ್ಕವನ್ನು ತಮ್ಮ ಮುಂದೆ ಬಿಡಿಸಿಡಲು ಈ ಪತ್ರ ಬರೆಯುತ್ತಿದ್ದೇನೆ.

ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜ್ಪೆಯಿಂದ ಬೆಂಗಳೂರಿನ ನಿಲ್ದಾಣವಿರುವ ದೇವನಹಳ್ಳಿಗೆ ಆಕಾಶಮಾರ್ಗದ ನೇರ ಅಂತರ ಸುಮಾರು 300 ಕಿ.ಮೀ. ವೇಳಾಪಟ್ಟಿಯಲ್ಲಿ ಒಂದು ಗಂಟೆ, ಒಂದೂಕಾಲು ಗಂಟೆ ಎಂದಿರುತ್ತದೆ. ಅದರಲ್ಲಿ ವಿಮಾನ ಹಾರಾಟದಲ್ಲಿರುವುದು ಮುಕ್ಕಾಲು ಗಂಟೆಯ ಆಸುಪಾಸು. ಆದರೆ ಪುತ್ತೂರಿನವನಾದ ನಾನು ಬಜ್ಪೆ ತಲುಪಲು ಒಂದೂವರೆ ಗಂಟೆ ಬೇಕು. ಹೊರಡುವುದಕ್ಕೆ ಒಂದು ಗಂಟೆ ಮೊದಲೇ ಕೌಂಟರ್ ಮುಚ್ಚುವುದರಿಂದ ಅಲ್ಲಿ ಇನ್ನೊಂದು ಒಂದೂವರೆ ಗಂಟೆ ಕಳೆಯುತ್ತದೆ. ಇಳಿದ ಮೇಲೆ ಚೀಲಕ್ಕಾಗಿ ಅರ್ಧ ಗಂಟೆ, ಜಯನಗರದಲ್ಲಿರುವ ಮಗಳ ಮನೆಗೆ ಮತ್ತೆ ಒಂದೂಮುಕ್ಕಾಲು ಗಂಟೆ. ಎಲ್ಲ ಕೂಡಿದರೆ ಆರೂವರೆ ಗಂಟೆ ಆಗುತ್ತದೆ, ಅದೂ ವಿಮಾನ ತಡವಾಗದಿದ್ದರೆ. ರಾತ್ರಿ ಬಸ್ಸು ಏಳೆಂಟು ಗಂಟೆಯಲ್ಲಿ ಅದೇ ಊರು ಮುಟ್ಟಿಸುತ್ತದೆ. 2008ರ ಮೇ ತಿಂಗಳವರೆಗೆ ವಿಮಾನಗಳು ನಗರದೊಳಗಿನ ಎಚ್‌ಎಎಲ್ ನಿಲ್ದಾಣದಲ್ಲಿ ಇಳಿಯುತ್ತಿದ್ದವು. ಅದು ದೇವನಹಳ್ಳಿಗೆ ಹೋದ ಮೇಲೂ ಬಾಯಿಲೆಕ್ಕ ಮಾತ್ರ ಹಳೆಯದೇ ಉಳಿದಿದೆ.

ಇನ್ನು ರೈಲು. ಹಗಲಿನ ರೈಲಿಗೆ ಒಂಬತ್ತು ಗಂಟೆಗೂ ಮೇಲೆ ಹಿಡಿಯುವುದು ದೂರದ ದೆಸೆಯಿಂದಲ್ಲ. ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರಸ್ತೆ ನಿಲ್ದಾಣಗಳ ನಡುವಿನ ಸುಮಾರು 55 ಕಿ.ಮೀ. ಘಾಟಿಯಲ್ಲಿ 57 ಸುರಂಗಗಳಿವೆ, ಪ್ರತಿ 50 ಮೀಟರಿಗೆ ಒಂದು ಮೀಟರಿನಷ್ಟು ಏರಿಳಿತವಿದೆ, ಅದೂ ಒಂಟಿ ಹಳಿ. ಗಂಟೆಗೆ 30 ಕಿ.ಮೀ.ಗಿಂತ ವೇಗವಾಗಿ ರೈಲು ಸಾಗುವಂತಿಲ್ಲ. ಎದುರಿನಿಂದ ಗೂಡ್ಸ್ ಬಂದರೆ ನಿಲ್ದಾಣದಲ್ಲಿ ಕಾಯಬೇಕು. 2018ರ ಆಗಸ್ಟಿನಲ್ಲಿಯೂ 2024ರ ಜುಲೈಯಲ್ಲಿಯೂ ಗುಡ್ಡ ಕುಸಿದು ಶಿರಾಡಿ ರಸ್ತೆ ಮತ್ತು ರೈಲು ಹಳಿ ಎರಡಕ್ಕೂ ಪೆಟ್ಟು ಬಿದ್ದಾಗ, ವಿಮಾನದ ಟಿಕೆಟ್ ಕೊಳ್ಳಲಾಗದವರಿಗೆ ಸುತ್ತುಬಳಸಿನ ದಾರಿಯೇ ಗತಿಯಾಯಿತು. ಕರಾವಳಿಯ ರೋಗಿಗಳು, ವಿದ್ಯಾರ್ಥಿಗಳು, ಕೂಲಿಯವರು ಬಹುಪಾಲು ಅಂಥವರೇ.

ಆದ್ದರಿಂದ ತಾವು ಸದನದಲ್ಲಿ ಕೇಳಬೇಕಾದದ್ದು ಮತ್ತೊಂದು ವಿಮಾನವನ್ನಲ್ಲ. ಇಳಿಜಾರು ಕಡಿಮೆ ಇರುವ ಬದಲಿ ರೈಲುಮಾರ್ಗ ಸಾಧ್ಯವೇ, ಸಾಧ್ಯವಾದರೆ ಪ್ರಯಾಣದ ಅವಧಿ ಎಷ್ಟು ಗಂಟೆ ಇಳಿಯುತ್ತದೆ, ಅದಕ್ಕೆ ಎಷ್ಟು ಕಾಡು ಬಲಿಯಾಗುತ್ತದೆ ಎಂಬುದನ್ನು ರೈಲ್ವೆ ಸಚಿವಾಲಯದಿಂದ ಲಿಖಿತವಾಗಿ ಪಡೆದು, ಆ ಉತ್ತರವನ್ನು ಕ್ಷೇತ್ರದ ಜನರ ಮುಂದಿಡಿ. ಕಾಡಿನ ಲೆಕ್ಕ ದೊಡ್ಡದಾಗಿದ್ದರೆ ಈಗಿರುವ ಹಳಿಯಲ್ಲೇ ಎಷ್ಟು ನಿಮಿಷ ಉಳಿಸಬಹುದೆಂದಾದರೂ ತಿಳಿಯಲಿ. ಅಲ್ಲಿಯವರೆಗೆ ಪುತ್ತೂರು, ಉಪ್ಪಿನಂಗಡಿಗಳಿಂದ ಬಜ್ಪೆಗೆ ವಿಮಾನದ ಹೊತ್ತಿಗೆ ಹೊಂದುವ ಸರಕಾರಿ ಬಸ್ಸೊಂದನ್ನು ಹಾಕಿಸಿದರೆ ಅದೂ ಉಪಕಾರವೇ.

ಇಂತಿ,
ಪುತ್ತೂರಿನ ಒಬ್ಬ ಮತದಾರ